ರಾಣಿಯ ಕಣ್ಣಿಗೆ ಯಾವ ಯಂತ್ರ?

ಮೂರನೆಯ ಅಂಕದಲ್ಲಿ ರಾಣಿ ಸೇನಾಪತಿಯ ಮುಂದೆ ಮಂಡಿಯೂರಿ, "ನಿನ್ನ ಮೌನವೇ ನನಗೆ ಶಿಕ್ಷೆ, ಒಂದಾದರೂ ಮಾತಾಡು" ಎಂದು ಬೇಡಿಕೊಳ್ಳಬೇಕಿತ್ತು. ಬೇಡಿಕೊಂಡಳು. ಕಣ್ಣಲ್ಲಿ ನೀರು ತುಂಬಿ, ಎಂಥವರ ಎದೆಯೂ ಕರಗುವ ಹಾಗೆ ಬೇಡಿಕೊಂಡಳು. ತೊಂದರೆ ಏನೆಂದರೆ, ಅವಳು ಮಂಡಿಯೂರಿದ್ದು ಸೇನಾಪತಿಯ ಮುಂದಲ್ಲ, ಅವನ ಕವಚ ತೂಗುಹಾಕಿದ್ದ ಮರದ ಸ್ಟ್ಯಾಂಡಿನ ಮುಂದೆ. ತಾಲೀಮಿನಲ್ಲಿ ನಿಲ್ಲುತ್ತಿದ್ದ ಜಾಗ ಬಿಟ್ಟು ಆಚೆ ನಿಂತಿದ್ದ ಸೇನಾಪತಿ, ಉತ್ತರ ಕೊಡಬೇಕೋ ಬೇಡವೋ ತಿಳಿಯದೆ ಕತ್ತಿಯ ಹಿಡಿ ಸವರುತ್ತಿದ್ದ.

ಸಭಾಂಗಣದ ಹಿಂಬದಿಯ ಗಾಜಿನ ಗೂಡಿನಲ್ಲಿ ಕುಳಿತು ಲೈಟು ನಡೆಸುತ್ತಿದ್ದ ಅವಳ ಗಂಡ ಇದನ್ನು ಕಂಡು ಬೆಚ್ಚಿದ. ಆದರೂ ಬೆರಳು ಸುಮ್ಮನಿರಲಿಲ್ಲ. ಸೇನಾಪತಿಯ ಮೇಲಿದ್ದ ಬೆಳಕನ್ನು ಮೆಲ್ಲಗೆ ಇಳಿಸಿ, ಸ್ಟ್ಯಾಂಡಿನ ಮೇಲೆ ಒಂದು ನೀಲಿ ಬೆಳಕು ಏರಿಸಿದ. ಸಭೆ ಉಸಿರು ಬಿಗಿಹಿಡಿದು ನೋಡಿತು. ಮಾರನೆಯ ವಾರ ಯಾರೋ ವಿಮರ್ಶಕರು, ಬರಿಯ ಕವಚದೊಡನೆ ಮಾತಾಡುವ ರಾಣಿಯ ಕಲ್ಪನೆ ಬಹಳ ಆಳವಾದದ್ದು ಎಂದು ಬರೆದರು. ನಿರ್ದೇಶಕರಾದ ಮೇಷ್ಟ್ರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದರು, ಆಮೇಲೆ ರಾಣಿಯನ್ನು ಪಕ್ಕಕ್ಕೆ ಕರೆದು, "ಇವತ್ತು ಸ್ಟ್ಯಾಂಡು. ನಾಳೆ ವೇದಿಕೆ ಮುಗಿದಿದ್ದೇ ಕಾಣದೆ ಮೊದಲ ಸಾಲಿನವರ ಮಡಿಲಲ್ಲಿ ಕೂತುಬಿಟ್ರೆ ಅದನ್ನ ಯಾವ ಆಳ ಅಂತ ಹೇಳೋದಮ್ಮ? ಕಣ್ಣಿಗೆ ಏನಾದ್ರೂ ಮಾಡ್ಸು," ಎಂದರು.

ಅವಳ ಕಣ್ಣು ಅಂಥದು. ಕನ್ನಡಕ ತೆಗೆದರೆ ಮೈನಸ್ ಆರರ ಮಬ್ಬು. ಅದರ ಜೊತೆಗೆ ಸಿಲಿಂಡರ್ ಪವರ್ ಬೇರೆ. ಕಣ್ಣಿನ ಮುಂದಿನ ಗಾಜಿನಂಥ ಪದರ ಚೆಂಡಿನ ಹಾಗೆ ದುಂಡಗಿರದೆ ಮೊಟ್ಟೆಯ ಹಾಗೆ ಒಂದು ಕಡೆ ಎಳೆದುಕೊಂಡಿದ್ದರಿಂದ, ಅವಳ ಪಾಲಿಗೆ ಪ್ರತಿ ದೀಪಕ್ಕೂ ಒಂದು ಬಾಲವಿತ್ತು. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿದ್ದಳು. ವೇದಿಕೆಯ ಧೂಳು, ಮುಖದ ಪೌಡರು, ಲೈಟಿನ ಕಾವು ಎಲ್ಲ ಸೇರಿ ಕಣ್ಣು ಕೆಂಪಗೆ ಊದಿಕೊಂಡು, ಮತ್ತೆ ಆ ಕಡೆ ತಲೆ ಹಾಕಬೇಡಿ ಎಂದು ಡಾಕ್ಟರು ಗದರಿದ್ದರು. ಹಾಗಾಗಿ ತಾಲೀಮಿನಲ್ಲೆಲ್ಲ ದಪ್ಪ ಕನ್ನಡಕ ಹಾಕಿಕೊಂಡು ಹೆಜ್ಜೆ ಕಲಿಯುವುದು, ಪ್ರದರ್ಶನದ ದಿನ ಅದನ್ನು ಕಳಚಿಟ್ಟು ಗಂಡನ ಬೆಳಕನ್ನು ನಂಬಿ ನಡೆಯುವುದು ರೂಢಿಯಾಗಿತ್ತು. ನೆಲದ ಮೇಲೆ ಹಳದಿ ಬಿದ್ದ ಕಡೆ ನಿಲ್ಲಬೇಕು. ನೀಲಿ ಶುರುವಾದ ಕಡೆ ಮೆಟ್ಟಿಲು. ಪ್ರೇಕ್ಷಕರಿಗೆ ಅದು ಬೆಳಕಿನ ಸೊಗಸು, ಅವಳಿಗೆ ಕೈ ಹಿಡಿದು ನಡೆಸುವ ಗಂಡ.

ಈ ಗಂಡನಿಗೆ ತಂಡದಲ್ಲಿ ತಕ್ಕಡಿ ಎಂದೇ ಹೆಸರು. ಏನನ್ನೂ ತೂಗಿ ನೋಡದೆ ಕೈಗೆತ್ತಿಕೊಂಡವನಲ್ಲ. ಒಂದು ಕೊಡೆ ಕೊಳ್ಳಲು ಹೋದರೆ ಮಳೆಗಾಲ ಮುಗಿಯುವ ಹೊತ್ತಿಗೆ ಮನೆಗೆ ತರುತ್ತಿದ್ದ. ಆದರೆ ಆ ಕೊಡೆ ಗಾಳಿಗೆ ಮಗುಚುತ್ತಿರಲಿಲ್ಲ, ಅದನ್ನು ಒಪ್ಪಲೇಬೇಕು. ಹೆಂಡತಿ ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದ ಕೂಡಲೇ ಅವನು, "ಮಾಡ್ಸೋಣ. ಯಾವ ಯಂತ್ರದಲ್ಲಿ ಅನ್ನೋದನ್ನ ಮಾತ್ರ ನಾನು ನೋಡ್ಕೋತೀನಿ," ಎಂದ.

ಮನೆಯಲ್ಲಿದ್ದ ಅತ್ತೆ ಕಾಫಿ ಲೋಟ ಕೆಳಗಿಟ್ಟು ಮಗಳ ಕಡೆ ತಿರುಗಿದರು. "ಹಾಗಾದ್ರೆ ಆಯ್ತು ಬಿಡು. ನನ್ನ ಕಣ್ಣು ಮುಚ್ಚೋದ್ರೊಳಗೆ ನಿನ್ನ ಕಣ್ಣು ತೆರೆಯಲ್ಲ."

"ಏನತ್ತೆ ಹೀಗಂತೀರ? ಕಣ್ಣಿನ ವಿಷಯ, ನಾಲ್ಕು ಕಡೆ ವಿಚಾರಿಸಬೇಡ್ವಾ?"

"ನನ್ನ ಮಗಳನ್ನ ಮದುವೆ ಆಗ್ತೀನಿ ಅಂತ ಒಂದೇ ದಿನದಲ್ಲಿ ಹೇಳಿದ್ರಲ್ಲ ಅಳಿಯಂದಿರೇ. ಅವತ್ತು ಎಲ್ಲೂ ವಿಚಾರಿಸಲಿಲ್ಲ?"

"ಅವತ್ತು ನೀವು ಬೇರೆ ಮಾಡೆಲ್ ಇದೆ ಅಂತ ಹೇಳಲೇ ಇಲ್ಲ," ಎಂದ ತಕ್ಕಡಿ. ಹೆಂಡತಿ ಕೈಯಲ್ಲಿದ್ದ ಟವೆಲನ್ನು ಅವನ ಮುಖಕ್ಕೆ ಎಸೆದಳು. ಗುರಿ ತಪ್ಪಲಿಲ್ಲ, ಕನ್ನಡಕ ಹಾಕಿಕೊಂಡಿದ್ದಳು.

ಮೊದಲು ಹೋದದ್ದು ದೊಡ್ಡ ರಸ್ತೆಯ ಆಸ್ಪತ್ರೆಗೆ. ಅಲ್ಲಿ ಗಲ್ಲವನ್ನು ಒಂದು ಪಟ್ಟಿಯ ಮೇಲೆ ಇಡಿಸಿ, ಉಂಗುರ ಉಂಗುರವಾದ ಬೆಳಕು ಬಿಟ್ಟು, ಅವಳ ಕಣ್ಣಿನ ಮುಂಪದರದ ನಕ್ಷೆ ತೆಗೆದರು. ಪರದೆಯ ಮೇಲೆ ಹಸಿರು, ಹಳದಿ, ಕಿತ್ತಳೆ ಬಣ್ಣಗಳು ಚಿಟ್ಟೆಯ ರೆಕ್ಕೆಯಂತೆ ಹರಡಿಕೊಂಡವು. ಪದರ ಸಾಕಷ್ಟು ದಪ್ಪವಿದೆ, ಆಕಾರದಲ್ಲಿ ಭಯಪಡುವಂಥದ್ದೇನಿಲ್ಲ, ಸ್ವಲ್ಪ ಒಣಕಣ್ಣು ಅಷ್ಟೆ ಎಂದರು. ತಕ್ಕಡಿ ಬಣ್ಣಗಳನ್ನೇ ದಿಟ್ಟಿಸುತ್ತಾ, "ಆ ಕಿತ್ತಳೆ ಅಂಚು ಎಷ್ಟು ಚೆನ್ನಾಗಿ ಹಳದಿಗೆ ಕರಗಿದೆ ನೋಡು," ಎಂದು ಹೆಂಡತಿಗೆ ಪಿಸುಗುಟ್ಟಿದ. ಅವಳಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದ್ದರು. ಎದುರಿಗಿದ್ದದ್ದು ಪರದೆಯೋ ಕಿಟಕಿಯೋ ಅವಳಿಗೆ ತಿಳಿಯದು.

ಅಲ್ಲಿನ ಡಾಕ್ಟರು ಚುರುಕಿನ ಹುಡುಗ. ತಮ್ಮ ವಿಧಾನವನ್ನು ಪಟಪಟನೆ ಹೇಳಿದರು: ಒಂದು ಲೇಸರ್‌ನಿಂದ ಕಣ್ಣಿನ ಮುಂಪದರದಲ್ಲಿ ತೆಳುವಾದ ಮುಚ್ಚಳ ಬಿಡಿಸಿ ಪುಸ್ತಕದ ಹಾಳೆಯಂತೆ ಮಗುಚುವುದು, ಇನ್ನೊಂದು ಲೇಸರ್‌ನಿಂದ ಒಳಗಿನ ಆಕಾರ ತಿದ್ದುವುದು, ಮುಚ್ಚಳ ಮತ್ತೆ ಮುಚ್ಚುವುದು. ಮಾರನೆಯ ಬೆಳಗ್ಗೆಯೇ ದೂರದ ಬೋರ್ಡು ಓದಬಹುದು. ಕಣ್ಣು ಅತ್ತಿತ್ತ ಅಲುಗಿದರೆ ಯಂತ್ರವೂ ಜೊತೆಗೇ ಅಲುಗುತ್ತದೆ.

"ಎಷ್ಟು ಬೇಗ ಅಲುಗುತ್ತೆ?" ಎಂದ ತಕ್ಕಡಿ.

"ಕಣ್ಣಿಗಿಂತ ಬೇಗ ಸಾರ್."

"ಕಣ್ಣು ಅಲುಗೋ ಮುಂಚೆ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಡಾಕ್ಟರು ನಕ್ಕು ವಿವರಿಸಿದರು. ತಕ್ಕಡಿ ಇನ್ನೊಂದು ಕೇಳಿದ. ಅವರು ಇನ್ನೊಂದು ವಿವರಿಸಿದರು. ಹೊರಗೆ ಕಾಯುತ್ತಿದ್ದವರು ಬಾಗಿಲಿನಲ್ಲಿ ಇಣುಕತೊಡಗಿದ ಮೇಲೆ ಡಾಕ್ಟರು, "ಸಾರ್, ನೀವೂ ಇದೇ ಲೈನಾ?" ಎಂದು ಕೇಳಿದರು.

"ಲೈಟಿನ ಲೈನು," ಎಂದಳು ಹೆಂಡತಿ. "ನಾಟಕದ್ದು. ಬನ್ರೀ, ಸಾಕು."

ನಾಟಕ ಎಂದ ಮೇಲೆ ಡಾಕ್ಟರು ಇನ್ನೊಂದು ವಿಚಾರಿಸಿದರು: ವೇದಿಕೆಯ ಮೇಲೆ ಹೊಡೆದಾಟ, ಕೈ ತಗಲುವುದು ಏನಾದರೂ ಉಂಟೆ? ಉಂಟು. ಎರಡನೆಯ ಅಂಕದಲ್ಲಿ ಮಲಮಗ ರಾಣಿಯ ಕೆನ್ನೆಗೆ ಹೊಡೆಯುತ್ತಾನೆ. ಅವನು ಹೊಸಬ, ಆಗಾಗ ನಿಜವಾಗಿಯೇ ಹೊಡೆದುಬಿಡುತ್ತಾನೆ. ಕಣ್ಣಿಗೆ ಜೋರಾಗಿ ಪೆಟ್ಟು ಬಿದ್ದರೆ ಮುಚ್ಚಳ ಸರಿಯುವ ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದು ಹೇಳಲಾರೆ ಎಂದರು. ತಕ್ಕಡಿಯ ಮನಸ್ಸಿನಲ್ಲಿ ಆ ಮುಚ್ಚಳ ಅಂದಿನಿಂದ ಗಾಳಿಗೆ ಪಟಪಟ ಬಡಿದುಕೊಳ್ಳತೊಡಗಿತು.

ಎರಡನೆಯ ಆಸ್ಪತ್ರೆ ಶಾಂತವಾಗಿತ್ತು. ಅಲ್ಲಿ ಮುಚ್ಚಳವೂ ಇಲ್ಲ, ಕೊಯ್ಯುವುದೂ ಇಲ್ಲ. ಮೇಲಿನ ತೆಳ್ಳನೆಯ ಚರ್ಮವನ್ನು ಲೇಸರ್ ತಾನೇ ತೆಗೆದು, ಅದರ ಕೆಳಗೆ ತಿದ್ದುತ್ತದೆ. ಚರ್ಮ ಮತ್ತೆ ತಾನಾಗಿ ಬೆಳೆಯುತ್ತದೆ. ಪಾಪೆಯ ಸುತ್ತಲಿನ ಗೆರೆಗಳನ್ನು ಗುರುತಿಟ್ಟುಕೊಂಡು ಸಿಲಿಂಡರ್ ಪವರಿನ ಕೋನವನ್ನು ಯಂತ್ರವೇ ಹೊಂದಿಸಿಕೊಳ್ಳುತ್ತದೆ. ತಕ್ಕಡಿಗೆ ಬಹಳ ಹಿಡಿಸಿತು. ಆದರೆ ಡಾಕ್ಟರು ಮುಚ್ಚುಮರೆ ಮಾಡದೆ, ಮೊದಲ ಕೆಲವು ದಿನ ಕಣ್ಣಿಗೆ ಮರಳು ತುಂಬಿದ ಹಾಗೆ ನೋಯುತ್ತದೆ, ದೃಷ್ಟಿ ತಿಳಿಯಾಗಲು ವಾರಗಳೇ ಬೇಕು, ಬಿಸಿಲಿಗೆ ಬಹಳ ಜೋಪಾನ ಎಂದರು. ಹೊಸ ಸುತ್ತಿನ ಪ್ರದರ್ಶನ ಹತ್ತಿರದಲ್ಲಿತ್ತು. ರಾಣಿ ಮುಖ ಹುಳ್ಳಗೆ ಮಾಡಿಕೊಂಡಳು.

ಮೂರನೆಯದು ಒಂದು ಓಣಿಯೊಳಗಿನ ಕಣ್ಣಾಸ್ಪತ್ರೆ, ಒಬ್ಬ ಡಾಕ್ಟರಮ್ಮನದು. ಅಲ್ಲಿನ ಲೇಸರ್ ಮುಂಪದರದ ಒಳಗೇ ಮಸೂರದ ಆಕಾರದ ಒಂದು ತೆಳು ಚೂರನ್ನು ಬಿಡಿಸುತ್ತದೆ. ಡಾಕ್ಟರಮ್ಮ ಅದನ್ನು ಪುಟ್ಟ ಸೀಳಿನಿಂದ ಮೆಲ್ಲಗೆ ಹೊರಗೆಳೆಯುತ್ತಾರೆ. ಮುಚ್ಚಳವಿಲ್ಲ, ಆದ್ದರಿಂದ ಹೊಡೆತದ ಭಯ ಕಡಿಮೆ. ಒಣಕಣ್ಣಿನ ಕಾಟವೂ ಸಾಮಾನ್ಯವಾಗಿ ಕಡಿಮೆ. ದೃಷ್ಟಿ ಮಾರನೆಯ ದಿನವೇ ಥಳಥಳ ಎನ್ನದಿದ್ದರೂ ಕೆಲವು ದಿನದಲ್ಲಿ ತಿಳಿಯಾಗುತ್ತದೆ.

"ಸಿಲಿಂಡರ್ ಕೋನ ಯಂತ್ರವೇ ನೋಡ್ಕೊಳುತ್ತಾ?" ಎಂದು ತಕ್ಕಡಿ ಎರಡನೆಯ ಆಸ್ಪತ್ರೆಯಲ್ಲಿ ಕಲಿತದ್ದನ್ನು ಇಲ್ಲಿ ಪ್ರಯೋಗಿಸಿದ.

"ನಮ್ಮ ಈ ಯಂತ್ರದಲ್ಲಿ ಇಲ್ಲ," ಎಂದರು ಡಾಕ್ಟರಮ್ಮ. "ಕೂತಾಗ ಇದ್ದ ಹಾಗೆ ಕಣ್ಣು ಮಲಗಿದಾಗ ಇರಲ್ಲ, ಒಂಚೂರು ಹೊರಳಿರುತ್ತೆ. ಅದಕ್ಕೆ ಕೂರಿಸಿಕೊಂಡೇ ಕಣ್ಣಿನ ಮೇಲೆ ಪೆನ್ನಿಂದ ಗುರುತು ಹಾಕ್ತೀನಿ. ಮಲಗಿದ ಮೇಲೆ ಆ ಗುರುತಿಗೆ ಸರಿಯಾಗಿ ಹೊಂದಿಸ್ತೀನಿ."

"ಪೆನ್ನಿಂದ?" ತಕ್ಕಡಿಯ ದನಿ ಕೀರಲಾಯಿತು. "ಇಷ್ಟು ದೊಡ್ಡ ಯಂತ್ರ ಇಟ್ಕೊಂಡು ಕೊನೆಗೆ ಪೆನ್ನಾ?"

"ನೀವು ನಾಟಕದಲ್ಲಿ ನಟರು ಎಲ್ಲಿ ನಿಲ್ಲಬೇಕು ಅಂತ ಹೇಗೆ ತೋರಿಸ್ತೀರಿ?"

"ನೆಲಕ್ಕೆ ಟೇಪು ಅಂಟಿಸ್ತೀವಿ."

"ನಿಮ್ಮದೂ ದೊಡ್ಡ ದೊಡ್ಡ ಲೈಟುಗಳೇ ತಾನೇ?"

ತಕ್ಕಡಿ ಬಾಯಿ ಮುಚ್ಚಿದ. ಹೆಂಡತಿ ಡಾಕ್ಟರಮ್ಮನನ್ನು ಹೊಸ ಗೆಳತಿಯನ್ನು ನೋಡುವಂತೆ ನೋಡಿದಳು.

ಇಷ್ಟಾದ ಮೇಲೆ ತೀರ್ಮಾನವಾಗಬೇಕಿತ್ತು. ಆಗಲಿಲ್ಲ. ತಕ್ಕಡಿ ಮತ್ತೆ ಮೊದಲನೆಯ ಆಸ್ಪತ್ರೆಗೆ ಹೋಗಿ ಮುಚ್ಚಳದ ಅಂಚಿನ ಬಗ್ಗೆ ವಿಚಾರಿಸಿದ. ಎರಡನೆಯದಕ್ಕೆ ಫೋನು ಮಾಡಿ ನೋವಿನ ಬಗ್ಗೆ ಮಾತಾಡಿದ. ಆಪರೇಷನ್ ಮಾಡಿಸಿಕೊಂಡವರನ್ನು ಹುಡುಕಿ ಹುಡುಕಿ ಮಾತಿಗೆ ಎಳೆದ. ಒಬ್ಬ ಟ್ಯಾಕ್ಸಿ ಚಾಲಕ ಮುಚ್ಚಳದ ಕಡೆ, ಒಬ್ಬ ಕುಸ್ತಿಪಟು ಚರ್ಮದ ಕಡೆ, ಔಷಧಿ ಅಂಗಡಿಯಾಕೆ ಚೂರಿನ ಕಡೆ. ಮೂವರೂ ಸುಖವಾಗಿದ್ದರು. ಅದೇ ಅವನಿಗೆ ದೊಡ್ಡ ತಲೆನೋವಾಯಿತು. ಯಾರಾದರೂ ಒಬ್ಬರು ಬೈದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಆಮೇಲೆ ಪಕ್ಕದ ಊರಿನಲ್ಲಿ ಇನ್ನೂ ಹೊಸ ಯಂತ್ರ ಬರುತ್ತದೆ ಎಂಬ ಸುದ್ದಿ ತಂದ.

ಮಾರನೆಯ ಬೆಳಗ್ಗೆ ಅಡುಗೆಮನೆಯಲ್ಲಿ ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅವನ ಎದುರಿಗೆ ಕುಳಿತಳು.

"ನೋಡ್ರೀ, ಈಗ ನಿಮ್ಮ ಮುಖ ನಂಗೆ ಕಾಣಲ್ಲ. ನೀವು ಮುಖ ಹೇಗೆ ಬೇಕಾದ್ರೂ ಮಾಡ್ಕೊಳಿ. ನಿಜ ಮಾತ್ರ ಹೇಳಿ. ಯಾಕೆ ಹೀಗೆ ಮೀನ ಮೇಷ ಎಣಿಸ್ತಿದ್ದೀರಿ?"

"ಯಂತ್ರ ಸರಿಯಾಗಿ..."

"ಯಂತ್ರದ ಸುದ್ದಿ ಬೇಡ. ಕೊಡೆ ಆರಿಸೋವಾಗ ನಿಮ್ಮ ಮುಖದಲ್ಲಿ ಒಂದು ಖುಷಿ ಇರುತ್ತೆ. ಈ ಸಲ ಅದಿಲ್ಲ."

ಅತ್ತೆ ಒಲೆಯ ಕಡೆ ತಿರುಗಿ ನಿಂತರು. ಕಿವಿ ಮಾತ್ರ ಇತ್ತಲೇ ಇತ್ತು. ತಕ್ಕಡಿ ಚಮಚವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. ಇಷ್ಟು ದಿನ ತನಗೇ ಹೇಳಿಕೊಳ್ಳದ ಮಾತು ಹೊರಗೆ ಬಂದದ್ದು ಅವನಿಗೂ ಆಶ್ಚರ್ಯವಾಯಿತು.

"ನಿಂಗೆ ಕಣ್ಣು ಕಂಡ್ರೆ... ವೇದಿಕೆ ಮೇಲೆ ನಿಂಗೆ ನನ್ನ ಬೆಳಕು ಬೇಕಾಗಲ್ಲ."

ಅವಳು ಮೊದಲು ನಕ್ಕಳು. ಅವನು ನಗಲಿಲ್ಲವೆಂದು ಗೊತ್ತಾದಾಗ ನಗು ನಿಂತಿತು. ಕೈ ಚಾಚಿ, ಒಂದೆರಡು ಸಲ ಗಾಳಿಯಲ್ಲಿ ತಡಕಾಡಿ, ಅವನ ಕಿವಿ ಹಿಡಿದಳು.

"ಹಾಗಿದ್ರೆ ನಾನು ನಿಮ್ಮನ್ನ ಮದುವೆ ಆಗಿದ್ದು ಟಾರ್ಚ್ ಅಂತಾನಾ?"

"ಅಯ್ಯೋ, ನೋಯುತ್ತೆ ಬಿಡು."

"ಪೆನ್ನಿನ ಡಾಕ್ಟರಮ್ಮನ ಹತ್ರ ಮಾಡಿಸ್ಕೋತೀನಿ. ಮುಚ್ಚಳ ಇಲ್ಲ, ಮರಳಿನ ನೋವಿಲ್ಲ, ಅವರು ನಿಮ್ಮ ಬಾಯಿ ಮುಚ್ಚಿಸಿದ್ರು. ಇನ್ನೇನು ಬೇಕು? ಈಗಲೇ ಫೋನ್ ಮಾಡಿ." ಕಿವಿ ಬಿಟ್ಟಿದ್ದು ಆಸ್ಪತ್ರೆಯವರು ಫೋನ್ ಎತ್ತಿದ ಮೇಲೆ.

ಆಪರೇಷನ್ ದಿನ ತಕ್ಕಡಿ ಹೊರಗಿನ ಬೆಂಚಿನ ಮೇಲೆ ಕುಳಿತು, ಎದುರಿನ ಗೋಡೆಯ ಟ್ಯೂಬ್‌ಲೈಟು ಎಷ್ಟು ಕೆಟ್ಟ ಜಾಗದಲ್ಲಿದೆ ಎಂದು ಯೋಚಿಸಲು ಪ್ರಯತ್ನಿಸಿದ. ಆಗಲಿಲ್ಲ. ಎದ್ದು ಓಡಾಡಿದ. ಪಕ್ಕದಲ್ಲಿದ್ದ ಅತ್ತೆ, "ಕೂತ್ಕೊಳ್ಳಿ. ನೀವು ಓಡಾಡಿದ್ರೆ ನಂಗೂ ಯಂತ್ರದ ಬಗ್ಗೆ ಅನುಮಾನ ಬರುತ್ತೆ," ಎಂದರು. ಆದರೆ ಅವರ ಕೈಯಲ್ಲಿದ್ದ ಕರವಸ್ತ್ರ ಹಿಂಡಿ ಹಗ್ಗವಾಗಿತ್ತು. ಕೂತವನು ಆ ಕೈಯನ್ನೇ ಹಿಡಿದುಕೊಂಡ; ಅತ್ತೆ ಬಿಡಿಸಿಕೊಳ್ಳಲಿಲ್ಲ.

ಅವನು ಅಂದುಕೊಂಡಿದ್ದಕ್ಕಿಂತ ಬಹಳ ಬೇಗ ಬಾಗಿಲು ತೆರೆಯಿತು. ನರ್ಸಿನ ತೋಳು ಹಿಡಿದು, ಕಪ್ಪು ಕನ್ನಡಕ ಹಾಕಿಕೊಂಡು ರಾಣಿ ಬಂದಳು.

"ಹೇಗಿತ್ತು?" ಎಂದರು ಇಬ್ಬರೂ ಒಟ್ಟಿಗೆ.

"ಮಿಣಿಮಿಣಿ ಅನ್ನೋ ಹಸಿರು ದೀಪ ನೋಡ್ತಾ ಮಲಗು ಅಂದ್ರು. ನೋಡಿದೆ. ಕಣ್ಣು ಒತ್ತಿ ಹಿಡಿದ ಹಾಗಾಯ್ತು, ಆಮೇಲೆ ಎಲ್ಲ ಮಂಜು." ಗಂಡನಿದ್ದ ದಿಕ್ಕಿಗೆ ಗಲ್ಲ ಎತ್ತಿದಳು. "ರೀ, ಆ ಹಸಿರು ಮಾತ್ರ ಬಹಳ ಕೆಟ್ಟ ಹಸಿರು. ನೀವಾಗಿದ್ರೆ ಅಂಥದ್ದು ಹಾಕ್ತಿರಲಿಲ್ಲ."

ಮನೆಯಲ್ಲಿ ಅತ್ತೆ ಪೊಲೀಸರಾದರು. ಮಗಳ ಬೆರಳು ಕಣ್ಣಿನ ಹತ್ತಿರ ಹೋದರೆ ಸಾಕು, "ಉಜ್ಜಬೇಡ!" ಎಂಬ ಕೂಗು ಯಾವ ಕೋಣೆಯಿಂದಲಾದರೂ ಬರುತ್ತಿತ್ತು. ಒಂದು ಮುಂಜಾನೆ ತಕ್ಕಡಿ ಕಣ್ಣು ಬಿಟ್ಟಾಗ, ಹೆಂಡತಿ ಮೊಣಕೈ ಊರಿಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಕನ್ನಡಕವಿರಲಿಲ್ಲ.

"ನೀವು ಬಾಯಿ ಬಿಟ್ಕೊಂಡು ಮಲಗ್ತೀರಾ," ಎಂದಳು ಬೆರಗಿನಿಂದ. "ಇಷ್ಟು ವರ್ಷ ಸದ್ದು ಮಾತ್ರ ಕೇಳ್ತಿತ್ತು. ಇವತ್ತು ಚಿತ್ರಾನೂ ಸಿಕ್ತು."

ಡಾಕ್ಟರಮ್ಮ ಬಣ್ಣ ಹಚ್ಚಲು ಅಪ್ಪಣೆ ಕೊಟ್ಟ ಮೇಲೆ ಅವಳ ಮೊದಲ ಪ್ರದರ್ಶನ. ದೀಪಗಳ ಸುತ್ತ ಇನ್ನೂ ಸ್ವಲ್ಪ ಪ್ರಭೆ ಕಾಣುತ್ತದೆ, ಅದು ಬರಬರುತ್ತಾ ಕಡಿಮೆಯಾಗುತ್ತದೆ ಎಂದಿದ್ದರು. ದೀಪಗಳ ಬಾಲ ಮಾತ್ರ ಹೋಗಿತ್ತು. ಗೂಡಿನಲ್ಲಿ ಕುಳಿತ ತಕ್ಕಡಿ ಅಭ್ಯಾಸಬಲದಿಂದ ಹಳದಿ, ನೀಲಿ ಎಲ್ಲ ಹಾಕುತ್ತಲೇ ಇದ್ದ. ರಾಣಿ ಅದಕ್ಕೆ ಕಾಯಲೇ ಇಲ್ಲ. ಸರಸರನೆ ಮೆಟ್ಟಿಲಿಳಿದಳು, ಸೇನಾಪತಿ ಎಲ್ಲಿ ನಿಂತಿದ್ದರೂ ಅಲ್ಲಿಗೇ ಹೋದಳು, ಮಲಮಗನ ಕೈ ಬರುವುದನ್ನು ಕಂಡು ಸಮಯಕ್ಕೆ ಸರಿಯಾಗಿ ಕೆನ್ನೆ ತಿರುಗಿಸಿದಳು. ಮರೆಯಲ್ಲಿ ನಿಂತ ಮೇಷ್ಟ್ರ ಮುಖ ಅರಳಿತ್ತು. ತಕ್ಕಡಿ ಸಂತೋಷಪಟ್ಟ. ಪಡಲೇಬೇಕಾದಷ್ಟು ಪಟ್ಟ.

ಕೊನೆಯ ಅಂಕದಲ್ಲಿ ರಾಣಿ ಒಬ್ಬಳೇ ವೇದಿಕೆಯ ಅಂಚಿಗೆ ಬಂದು ಪ್ರಜೆಗಳನ್ನು ಕುರಿತು ಮಾತಾಡಬೇಕು. ಪ್ರಜೆಗಳೆಂದರೆ ಪ್ರೇಕ್ಷಕರೇ. ಬಂದಳು. ಬಾಯಿ ತೆರೆದಳು. "ನನ್ನ ಜನರೇ," ಎಂದಳು.

ಮುಂದಿನ ಮಾತು ಬರಲಿಲ್ಲ.

ಇದನ್ನು ಅವಳು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ನಿದ್ದೆಯಲ್ಲೂ ಹೇಳಿದ್ದನ್ನು ಗಂಡ ಕೇಳಿದ್ದ. ಪರದೆಯ ಹಿಂದಿನಿಂದ ಯಾರೋ ಸಾಲು ಪಿಸುಗುಟ್ಟಿದರು. ಅವಳಿಗೆ ಕೇಳಿಸಿದಂತಿರಲಿಲ್ಲ. ಸಭಾಂಗಣದಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ತಕ್ಕಡಿ ಗಾಜಿಗೆ ಮೂಗು ಒತ್ತಿ ನೋಡಿದ. ಅವಳ ದೃಷ್ಟಿ ಮೊದಲ ಸಾಲಿನಲ್ಲಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಒಬ್ಬರು ತೂಕಡಿಸುತ್ತಿದ್ದರು. ಒಬ್ಬಾಕೆ ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಒಬ್ಬರು ಮುಂದೇನು ಎನ್ನುವಂತೆ ಅವಳತ್ತ ಕತ್ತು ಚಾಚಿದ್ದರು.

ಅವನಿಗೆ ತಟ್ಟನೆ ಹೊಳೆಯಿತು. ತಾಲೀಮಿನಲ್ಲಿ ಅವಳಿಗೆ ಕನ್ನಡಕವಿತ್ತು, ಕುರ್ಚಿಗಳು ಖಾಲಿ. ಪ್ರದರ್ಶನದಲ್ಲಿ ಕುರ್ಚಿಗಳು ತುಂಬಿರುತ್ತಿದ್ದವು, ಕನ್ನಡಕವಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ವೇದಿಕೆಯಿಂದ ಮನುಷ್ಯರ ಮುಖ ನೋಡುತ್ತಿದ್ದಳು!

ತೂಗಿ ನೋಡಲು ಹೊತ್ತಿರಲಿಲ್ಲ. ಎದುರಿನಿಂದ ಮುಖಕ್ಕೆ ಬೀಳುವ ದೊಡ್ಡ ದೀಪಗಳ ಮೇಲೆ ಅವನ ಬೆರಳುಗಳು ಹೋದವು. ಬೆಚ್ಚನೆಯ ಕಿತ್ತಳೆ ಬೆಳಕನ್ನು ಮೆಲ್ಲಗೆ, ನಾಟಕದಲ್ಲೇ ಬರೆದಿತ್ತೇನೋ ಎನ್ನುವ ಹಾಗೆ, ಮೇಲಕ್ಕೆ ಎತ್ತುತ್ತಾ ಹೋದ. ಅವಳ ಕಣ್ಣ ಮುಂದೆ ಬೆಳಕಿನ ಗೋಡೆ ಏಳುವವರೆಗೂ ಎತ್ತಿದ. ಆ ಗೋಡೆಯಾಚೆ ತೂಕಡಿಸುವವರು, ಪಿಸುಗುಡುವವರು, ಕತ್ತು ಚಾಚಿದವರು ಎಲ್ಲ ಒಂದೇ ಕತ್ತಲೆಯಾಗಿ ಕರಗಿಹೋದರು.

ಅವಳು ಒಮ್ಮೆ ಕಣ್ಣು ಕಿರಿದು ಮಾಡಿದಳು. ಭುಜ ಸಡಿಲವಾಯಿತು. "ನನ್ನ ಜನರೇ," ಎಂದಳು ಮತ್ತೊಮ್ಮೆ, ಈ ಸಲ ಇನ್ನೂ ತಗ್ಗಿನ ದನಿಯಲ್ಲಿ. ಉಳಿದದ್ದೆಲ್ಲ ಹೊಳೆಯಂತೆ ಬಂತು.

ಪರದೆ ಬಿದ್ದ ಮೇಲೆ ಬಣ್ಣದ ಕೋಣೆಯಲ್ಲಿ ಅವಳು ಕಿರೀಟ ತೆಗೆಯುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತ.

"ಬನ್ನಿ, ಬನ್ನಿ. ಊರಿನ ಯಂತ್ರಗಳನ್ನೆಲ್ಲ ತೂಗಿ, ಅಷ್ಟು ಕಷ್ಟಪಟ್ಟು ಕಣ್ಣು ಕೊಡಿಸಿ, ಮೊದಲ ದಿನವೇ ಮತ್ತೆ ಕುರುಡಿ ಮಾಡಿದ್ರಲ್ಲ?"

"ಮುಖ ಕಂಡು ಹೆದರಿದ್ಯಲ್ಲ, ಅದಕ್ಕೆ."

"ಹೆದರೋದಾ? ನನ್ನ ಹೆಸರೇ ಮರೆತುಹೋಗಿತ್ತು." ಕನ್ನಡಿಯಲ್ಲೇ ಅವನನ್ನು ನೋಡಿದಳು. "ಬೆಳಕು ಬೇಕಾಗಲ್ಲ ಅಂತಿದ್ರಿ."

"ಬಾಯಿ ತಪ್ಪಿ ಅಂದೆ."

"ನಾಳೆ ಅದಕ್ಕಿಂತ ಒಂಚೂರು ಕಡಿಮೆ ಹಾಕಿ. ನಾಡಿದ್ದು ಇನ್ನೂ ಒಂಚೂರು. ಅವರನ್ನ ನಾನು ಮೆಲ್ಲಗೆ ಪರಿಚಯ ಮಾಡ್ಕೋತೀನಿ."

ಹಾಗೇ ಮಾಡಿದರು. ಪ್ರದರ್ಶನದಿಂದ ಪ್ರದರ್ಶನಕ್ಕೆ ಆ ಗೋಡೆ ತೆಳುವಾಗುತ್ತಾ ಬಂತು. ಮೊದಲು ಅವಳಿಗೆ ಎರಡು ಮುಖ ತಡೆದುಕೊಳ್ಳಲು ಆಯಿತು, ಆಮೇಲೆ ಒಂದು ಸಾಲು. ಒಂದು ಸಂಜೆ ಅವಳು ತಾನಾಗಿಯೇ, "ಇವತ್ತು ಎಲ್ಲರನ್ನೂ ನೋಡ್ತೀನಿ. ತೂಕಡಿಸೋರ ಹತ್ರ ಸ್ವಲ್ಪ ಜೋರಾಗಿ ಹೇಳ್ತೀನಿ, ಏಳ್ತಾರೆ," ಎಂದಳು. ಹೇಳಿದಳು, ಒಬ್ಬರು ಗಾಬರಿಯಾಗಿ ಎದ್ದರು ಕೂಡ.

ಅಂದು ಬಸ್ ಸ್ಟಾಪಿನಲ್ಲಿ ನಿಂತಾಗ ಅವಳು ಸುಮ್ಮನಿರಲಿಲ್ಲ. ಮೂರನೆಯ ಸಾಲಿನ ದಂಪತಿಗಳು ಜಗಳವಾಡಿಕೊಂಡು ಬಂದಿದ್ದರು, ಹೋಗುವಾಗ ಕೈ ಹಿಡಿದಿದ್ದರು; ಕೊನೆಯ ಕುರ್ಚಿಯ ಅಜ್ಜ ಪ್ರತಿ ಹಾಡಿಗೂ ತುಟಿ ಕುಣಿಸುತ್ತಿದ್ದರು. ತಕ್ಕಡಿ ಕಣ್ಣು ಬಾಯಿ ಬಿಟ್ಟುಕೊಂಡು ಕೇಳಿದ. ಹಿಂಬದಿಯ ಗೂಡಿನಲ್ಲಿ ಕುಳಿತೇ ಬಾಳು ಸವೆಸಿದವನಿಗೆ ಪ್ರೇಕ್ಷಕರೆಂದರೆ ಬರಿಯ ತಲೆಗಳ ಹಿಂಭಾಗ. ಬೋಳು, ಜಡೆ, ಟೋಪಿ ಅಷ್ಟೆ.

"ಇನ್ನೊಂದು," ಎಂದಳು ಅವಳು. "ಯುದ್ಧ ಮುಗಿದ ಮೇಲೆ ನೀವು ಬೆಳಗಿನ ಬೆಳಕು ತರ್ತೀರಲ್ಲ, ಆಗ ಎರಡನೇ ಸಾಲಿನ ಒಬ್ಬ ಹೆಂಗಸು ಕೆನ್ನೆ ಮೇಲೆ ಕೈ ಇಟ್ಕೊಂಡ್ರು. ನಿಜವಾಗ್ಲೂ ಬಿಸಿಲು ಬಿದ್ದ ಹಾಗೆ."

"ಸುಮ್ನೆ ಹೇಳ್ಬೇಡ."

"ನಾನೇ ನೋಡಿದೆ ಅಂತೀನಿ."

ಬಸ್ಸು ಬಂತು. ಅವನು ಹತ್ತಲಿಲ್ಲ, ಅವಳ ತೋಳು ಹಿಡಿದು ನಿಲ್ಲಿಸಿದ.

"ಯಾವ ಕೆನ್ನೆ? ಎಡಗಡೆದಾ, ಬಲಗಡೆದಾ? ಮೊದಲಿಂದ ಹೇಳು."